ಮೈಕ್ ಇಲ್ಲದೆ ಹಾಡಿದ ದಿನ

ಮೊನ್ನೆ ಪಕ್ಕದ ಬೀದಿಯ ಹುಡುಗಿ ಮನೆಗೆ ಬಂದಿದ್ದಳು. ಡಿಗ್ರಿ ಮುಗಿಸಿ ರಂಗಶಾಲೆಗೆ ಅರ್ಜಿ ಹಾಕಿದ್ದಾಳೆ. ಮುಂದಿನ ವಾರ ಸಂದರ್ಶನ. "ಅಣ್ಣಾ, ಹಾಡಿಸ್ತಾರಂತೆ. ಏನು ಹಾಡ್ಲಿ?" ಅಂದಳು. ಅವರಪ್ಪ ಒಂದೇ ಒಂದು ಸಲ ಅಂತ ಒಪ್ಪಿದ್ದಾರೆ. ಆಗದಿದ್ದರೆ ಬಿ.ಎಡ್.

ಅವಳಿಗೆ ಹೇಳಲು ನನ್ನ ಹತ್ತಿರ ಇದ್ದದ್ದು ನಾನು ಫೇಲಾದ ಕಥೆ.

ತುಮಕೂರು ಕಡೆ ನಮ್ಮ ಊರುಗಳ ಕುರುಕ್ಷೇತ್ರ ನಾಟಕ ನಿಮಗೆ ಗೊತ್ತು. ದುಡ್ಡು ಕಟ್ಟಿದವರಿಗೆ ಪಾತ್ರ. ನಾನೂ ಕಟ್ಟಿ ಕೃಷ್ಣನಾಗಿದ್ದೆ. ಮೈಕ್ ಇತ್ತು, ಎಕೋ ಇತ್ತು, ತಪ್ಪಿದರೆ ಎತ್ತಿಕೊಳ್ಳಲು ಹಾರ್ಮೋನಿಯಂ ಮೇಷ್ಟ್ರು ಇದ್ದರು. ಶಿಳ್ಳೆ ಬಿತ್ತು, ಹಾರ ಬಿತ್ತು. ನಾನು ಹಾಡುಗಾರ ಅಂದುಕೊಂಡೆ.

ಅದೇ ಧೈರ್ಯದಲ್ಲಿ ಇಪ್ಪತ್ತೆರಡನೇ ವಯಸ್ಸಿಗೆ ಒಂದು ರಂಗಶಾಲೆಯ ಸಂದರ್ಶನಕ್ಕೆ ಹೋದೆ. ಖಾಲಿ ಕೋಣೆ, ಮೂರು ಜನ, ಒಂದು ಹಾರ್ಮೋನಿಯಂ. "ನಿಮ್ಮ ಶ್ರುತಿ ಯಾವುದು?" ಅಂದರು. "ಯಾವುದಾದ್ರೂ ನಡೆಯುತ್ತೆ ಸಾರ್" ಅಂದೆ. ಅವರು ಹಿಡಿದ ಶ್ರುತಿಗೆ ಶುರು ಮಾಡಿದೆ. ಮೇಲಿನ ಸಾಲಿಗೆ ಹೋಗುತ್ತಿದ್ದಂತೆ ದನಿ ಒಡೆಯಿತು. "ಗಂಟಲು ಸರಿ ಇಲ್ಲ" ಅಂತ ಸುಳ್ಳು ಹೇಳಿದೆ.

ಅವರು ಬೈಯಲಿಲ್ಲ. "ಹಾಡು ಬಿಡಿ. ಅದೇ ಪದ್ಯವನ್ನು ಮಾತಿನಂತೆ ಹೇಳಿ. ಕೃಷ್ಣ ಇದನ್ನು ಯಾರಿಗೆ ಹೇಳ್ತಿದ್ದಾನೆ, ಯಾಕೆ ಹೇಳ್ತಿದ್ದಾನೆ?" ಅಂದರು. ನನಗೆ ಬಾಯಿ ಬರಲಿಲ್ಲ. ನಾಲ್ಕು ಸಲ ವೇದಿಕೆ ಮೇಲೆ ಹಾಡಿದ ಪದ್ಯದ ಅರ್ಥವೇ ನನಗೆ ಗೊತ್ತಿರಲಿಲ್ಲ. ದನಿ ಒಡೆದದ್ದಕ್ಕಿಂತ ಅದೇ ನನ್ನನ್ನು ಕೆಡಿಸಿತು ಅಂತ ಈಗ ಅನಿಸುತ್ತದೆ.

ಬಾಲಕನಾಗಿ ಗುಬ್ಬಿ ಕಂಪನಿ ಸೇರಿದ್ದ ಬಿ.ವಿ. ಕಾರಂತರು 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಹೆಗ್ಗೋಡಿನ ನೀನಾಸಂ 1980ರಿಂದ ರಂಗಶಿಕ್ಷಣ ಕೊಡುತ್ತಿದೆ. ಕಾರಂತರ ರಂಗಗೀತೆ ಕೇಳಿದವರಿಗೆ ಗೊತ್ತು, ಅದು ಕಛೇರಿ ಸಂಗೀತವಲ್ಲ. ನಾಟಕದಲ್ಲಿ ಹಾಡೂ ಒಂದು ಮಾತೇ. ಮಾತು ಸಾಲದಾದಾಗ ಪಾತ್ರ ಹಾಡುತ್ತದೆ.

ಹುಡುಗಿಗೆ ಹೇಳಿದ್ದು ಇಷ್ಟು. ಯೂಟ್ಯೂಬ್ ಟ್ರ್ಯಾಕ್ ಬಿಟ್ಟು ಬರೀ ದನಿಯಲ್ಲಿ ಹಾಡಿ ಮೊಬೈಲಲ್ಲಿ ರೆಕಾರ್ಡ್ ಮಾಡಿ ಕೇಳು. ಹಾರ್ಮೋನಿಯಂ ಇರುವವರ ಹತ್ತಿರ ಹೋಗಿ ನಿನ್ನ ಶ್ರುತಿ ಗುರುತು ಮಾಡಿಕೊಂಡು ಬಾ. ಹಾಡಿನ ಅತಿ ಮೇಲಿನ ಸಾಲು ಸಲೀಸಾಗಿ ಬಂದರೆ ಮಾತ್ರ ಆ ಶ್ರುತಿ ನಿನ್ನದು. ಎರಡು ನಿಮಿಷದ ಒಂದು ಹಾಡು ಸಾಕು, ಇನ್ನೊಂದು ಕೈಯಲ್ಲಿರಲಿ. ದೊಡ್ಡ ಗಾಯಕಿಯ ನಕಲು ಬೇಡ. ಪ್ರತಿ ಸಾಲನ್ನೂ ನಿಮ್ಮಜ್ಜಿಗೆ ಮಾತಿನಲ್ಲಿ ಹೇಳು, ಅವರಿಗೆ ಅರ್ಥವಾಗಬೇಕು. ನಡುವೆ ನಿಲ್ಲಿಸಿದರೆ ಹೆದರಬೇಡ, ಕೇಳಬೇಕಾದಷ್ಟು ಕೇಳಿರುತ್ತಾರೆ. "ಕೋಪದಲ್ಲಿ ಹಾಡು" ಅಂದರೆ ಹಾಡಿಬಿಡು, ನೀನು ಹೇಳಿದ್ದನ್ನು ಕೇಳಿಸಿಕೊಳ್ಳುತ್ತೀಯಾ ಅಂತ ನೋಡುತ್ತಿರುತ್ತಾರೆ. ತಪ್ಪಾದರೆ ನೆಪ ಹೇಳದೆ ಮುಂದೆ ಹೋಗು. ನೆಲದ ಮೇಲೆ ಕೂತು ಏಳಲು ಆಗುವ ಬಟ್ಟೆ ಹಾಕು. ಸೀಟು ಕೊಡಿಸ್ತೀನಿ ಅಂತ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬಾ.

ಭಾನುವಾರ ಅವಳನ್ನು ನಮ್ಮ ನಾಟಕದ ಮೇಷ್ಟ್ರ ಹತ್ತಿರ ಕರೆದುಕೊಂಡು ಹೋದೆ. ಇಷ್ಟು ದಿನ ಅವಳು ಹಾಡುತ್ತಿದ್ದ ಶ್ರುತಿ ಅವಳದಾಗಿರಲಿಲ್ಲ. ಮೇಷ್ಟ್ರು ಎರಡು ಮನೆ ಇಳಿಸಿದರು. ಹಾಡುವಾಗ ಅವಳ ಕತ್ತಿನ ನರ ಉಬ್ಬುವುದು ನಿಂತಿತು. "ಇದು ನನ್ನ ದನೀನಾ?" ಅಂತ ಅವಳೇ ಕೇಳಿದಳು.

ಬುಧವಾರ ಬೆಳಗಿನ ಬಸ್ಸಿಗೆ ಹೊರಡುತ್ತಾಳೆ, ಜೊತೆಗೆ ಅವರಪ್ಪ. ಸೀಟು ಸಿಗುತ್ತದೋ ಇಲ್ಲವೋ, ಶ್ರುತಿ ಯಾವುದು ಅಂತ ಕೇಳಿದರೆ ಅವಳ ಹತ್ತಿರ ಉತ್ತರ ಇದೆ. ನಿಮ್ಮೂರಿನಲ್ಲೂ ಹೀಗೆ ಹೊರಟವರಿದ್ದರೆ ಇದನ್ನು ಅವರಿಗೂ ಕಳಿಸಿ.