ತೊಟ್ಟಿಲ ಸಂಧಿಕಾರ್ಯ

ಶರಣರು ಕಾಯಕಕ್ಕೆ ಕೊಟ್ಟ ಹಿರಿಮೆಯನ್ನು ನಾವು ವೇದಿಕೆಗಳ ಮೇಲೆ ಬಣ್ಣಿಸುತ್ತ ಬಂದಿದ್ದೇವೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ದೋಣಿ ನಡೆಸುವವನೂ ಹಗ್ಗ ಹೊಸೆಯುವವನೂ ಮರ ಕೆತ್ತುವವನೂ ಸರಿಸಮಾನರಾಗಿ ಕುಳಿತು ಅನುಭಾವವನ್ನು ನುಡಿದರೆಂದು ತರಗತಿಯಲ್ಲಿ ಬೋಧಿಸುತ್ತೇವೆ. ಬಡಿಗತನದ ಉಪಕರಣವನ್ನೇ ಹೆಸರಿನೊಡನೆ ಧರಿಸಿದ ಬಾಚಿಕಾಯಕದ ಬಸವಯ್ಯನು ವಚನಕಾರ. ಆತನ ಪುಣ್ಯಸ್ತ್ರೀ ಕಾಳವ್ವೆಯೂ ವಚನಕಾರ್ತಿ. ಆದರೆ ಬಾಚಿಯೆಂದರೇನೆಂದು ಕೇಳಿದರೆ ಇಂದಿನ ವಿದ್ಯಾರ್ಥಿಯು ನಿಘಂಟನ್ನು ತೆರೆಯಬೇಕಾಗಿದೆ. ಓದಿಗೂ ಕೈಗೂ ನಡುವೆ ಬಿದ್ದಿರುವ ಈ ಬಿರುಕು ಎಷ್ಟು ಆಳವಾದುದೆಂಬ ಅರಿವು ನನಗೆ ಮೂಡಿದುದು ಪರದೇಶದಲ್ಲಿ, ಒಂದು ತೊಟ್ಟಿಲಮಂಚದ ಮುಂದೆ ಕುಳಿತಾಗ.

ನಮ್ಮ ಸೇಡಂ, ಚಿತ್ತಾಪುರ ಸೀಮೆಯ ಹಳೆಯ ಮನೆಗಳಲ್ಲಿ ಮರದ ಸಾಮಾನುಗಳು ಹೆಚ್ಚಾಗಿ ಇರಲಿಲ್ಲ. ಕಲ್ಲಿನ ದಪ್ಪ ಗೋಡೆಯಲ್ಲಿಯೇ ಗೂಡುಗಳು, ದೀಪಕ್ಕೊಂದು, ಪುಸ್ತಕಕ್ಕೊಂದು. ಕೆಳಗೆ ಶಹಾಬಾದದ ಫರಸಿ. ಹಿರಿಯರಿಗೊಂದು ಹೊರಸು, ಕೂಸಿಗೊಂದು ತೊಟ್ಟಿಲು. ಅಷ್ಟಾದರೆ ಸಂಸಾರ ನಡೆಯುತ್ತಿತ್ತು. ಹೊರಸಿನ ಕಾಲು ಸಡಿಲವಾದರೆ ಬಡಿಗೇರನಿಗೆ ಹೇಳಿಕಳುಹಿಸುತ್ತಿದ್ದರು. ಅವನು ಬಾಚಿ, ಉಳಿ, ಕೊಡತಿ, ಬೈರಿಗೆಗಳನ್ನು ಚೀಲದಲ್ಲಿ ತಂದು ಬೇವಿನ ನೆರಳಿನಲ್ಲಿ ಕೂಡುವನು. ಸುಗ್ಗಿಯಲ್ಲಿ ರೈತರು ಕೊಡುವ ಆಯದ ಜೋಳವೇ ಅವನ ವರ್ಷದ ಸಂಬಳ. ಅವನ ಉಳಿಯನ್ನು ಹಿಡಿಯಲು ನಾನು ಕೈ ಚಾಚಿದಾಗಲೆಲ್ಲ ಮನೆಯ ಹಿರಿಯರು, "ಓದೋ ಹುಡುಗಗ ಉಳಿ ಯಾಕ?" ಎಂದು ಹಿಂದಕ್ಕೆ ಕರೆಯುತ್ತಿದ್ದರು. ಆ ಮಾತಿನಲ್ಲಿ ಮಮತೆಯಿತ್ತು. ಆದರೆ ಕೈಯಿಂದ ದುಡಿಯುವವನು ಓದುವವನಿಗಿಂತ ಒಂದು ಮೆಟ್ಟಿಲು ಕೆಳಗೆಂಬ ಭಾವವೂ ಅಡಗಿತ್ತು.

2022ರ ಬೇಸಿಗೆಯ ರಜೆಯಲ್ಲಿ ಮಗಳ ಬಾಣಂತನಕ್ಕೆಂದು ಪತ್ನಿಯೊಡನೆ ಇಂಗ್ಲೆಂಡಿಗೆ ಹೋದೆನು. ಹೆರಿಗೆಗೆ ಇನ್ನೂ ಎರಡು ವಾರಗಳಿದ್ದವು. ಒಂದು ದಿನ ಬಾಗಿಲಿಗೆ ರಟ್ಟಿನ ಚಪ್ಪಟೆ ಪೆಟ್ಟಿಗೆಯೊಂದು ಬಂದಿತು. ಅಳಿಯಂದಿರು, "ಮಾವನವರೇ, ಇದೇ ಕೂಸಿನ ಮಂಚ" ಎಂದರು. ಒಳಗೆ ಇದ್ದುದು ಹಲಗೆಗಳು, ಕಂಬಿಗಳ ಎರಡು ಚೌಕಟ್ಟುಗಳು, ಮರದ ಸಣ್ಣ ಗೂಟಗಳು, ತಿರುಪುಮೊಳೆಗಳು, ಅವನ್ನು ತಿರುಗಿಸಲು ಆರು ಮೂಲೆಯ ಬಾಗಿದ ಕೀಲಿ. ಆ ದೇಶದಲ್ಲಿ ಕೂಲಿ ಬಹು ದುಬಾರಿಯಾದುದರಿಂದ ವೈದ್ಯನಾಗಲಿ ಅಧ್ಯಾಪಕನಾಗಲಿ ಈ ಕೆಲಸವನ್ನು ತಾನೇ ಮಾಡಿಕೊಳ್ಳುವುದು ರೂಢಿ.

ಜೊತೆಗಿದ್ದ ಹಾಳೆಯನ್ನು ಓದಲು ಕನ್ನಡಕ ಏರಿಸಿದೆನು. ಅದರಲ್ಲಿ ಅಂಕೆಗಳಿದ್ದವು, ಚಿತ್ರಗಳಿದ್ದವು, ಅಕ್ಷರವೊಂದೂ ಇರಲಿಲ್ಲ! ಒಂದೇ ಹಾಳೆ ಹಲವು ಭಾಷೆಗಳ ನಾಡುಗಳಲ್ಲಿ ಸಲ್ಲಬೇಕೆಂದು ಹೀಗೆ ಮಾಡುತ್ತಾರಂತೆ. ಜೀವಮಾನವೆಲ್ಲ ಅಕ್ಷರವನ್ನೇ ನಂಬಿದ ಪಂಡಿತನಿಗೆ ಅದೊಂದು ಹೊಸ ಪಾಠ.

ಆಗ ನನಗೆ ಒದಗಿದುದು ಗುರುಗಳು ಕಲಿಸಿದ ವ್ಯಾಕರಣವೇ. ಹಳಗನ್ನಡದ ಪದ್ಯವನ್ನು ಅನ್ವಯಿಸುವಾಗ ಮೊದಲು ಕ್ರಿಯಾಪದವನ್ನು ಹುಡುಕಬೇಕು. ಅದು ಸಿಕ್ಕಿದರೆ ಉಳಿದ ಪದಗಳೆಲ್ಲ ತಾವಾಗಿ ಬಂದು ಸೇರುತ್ತವೆ. ಇಲ್ಲಿಯೂ ಎಲ್ಲ ಭಾಗಗಳನ್ನು ತನ್ನೆಡೆಗೆ ಕರೆಯುವ ಭಾಗ ಯಾವುದೆಂದು ನೋಡಿದೆನು. ಅತಿ ಹೆಚ್ಚು ರಂಧ್ರಗಳಿದ್ದ ತಲೆಯ ಕಡೆಯ ಹಲಗೆಯೇ ಆ ಕ್ರಿಯಾಪದ. ಅದನ್ನು ಗೋಡೆಗೆ ಆನಿಸಿ ನಿಲ್ಲಿಸಿದ ಮೇಲೆ ಕೆಲಸಕ್ಕೆ ದಾರಿ ತೆರೆಯಿತು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಧಿಪ್ರಕರಣವನ್ನು ಮೊದಲಿಗಿಟ್ಟುದರ ಔಚಿತ್ಯ ಆ ಸಂಜೆ ಇನ್ನಷ್ಟು ತಿಳಿಯಾಯಿತು. ಸಂಧಿ ಕೆಟ್ಟರೆ ಮುಂದಿನದೆಲ್ಲವೂ ಕೆಡುತ್ತದೆ. ಒಂದು ತಿರುಪನ್ನು ಮೊದಲೇ ಬಿಗಿಸಿದರೆ ಎದುರಿನದು ಕೂಡುವುದಿಲ್ಲ. ಎಲ್ಲವನ್ನೂ ಸಡಿಲವಾಗಿ ಸೇರಿಸಿ, ಕಡೆಗೆ ಒಟ್ಟಿಗೆ ಬಿಗಿಯಬೇಕು.

ಅಳಿಯಂದಿರು ಅಳತೆಪಟ್ಟಿಯನ್ನು ಹಿಡಿದು ಕಂಬಿಗಳ ನಡುವಣ ಅಂತರವನ್ನು ನೋಡಿದರು. ಅಲ್ಲಿಯ ನಿಯಮದಂತೆ ಅದು 45ರಿಂದ 65 ಮಿಲಿಮೀಟರಿನೊಳಗೆ ಇರಬೇಕು. ಹೆಚ್ಚಾದರೆ ಕೂಸಿನ ಮೈ ನುಸುಳಿ ತಲೆ ಸಿಕ್ಕಿಕೊಂಡೀತು, ಕಡಿಮೆಯಾದರೆ ಕೈಕಾಲು ಸಿಕ್ಕಿಬಿದ್ದೀತು. ಹುಟ್ಟಲಿರುವ ಜೀವವೊಂದು ನಮ್ಮ ಕೈಯ ಬಿಗಿತವನ್ನು ನಂಬಿ ಮಲಗಲಿದೆಯೆಂಬ ನೆನಪು ಬಂದಾಗ, ಬಿಗಿಸಿದ ತಿರುಪುಗಳನ್ನೇ ಮತ್ತೊಮ್ಮೆ ಮುಟ್ಟಿ ನೋಡಿದೆನು. ಎಷ್ಟೋ ಮನೆಗಳ ತೊಟ್ಟಿಲುಗಳನ್ನು ಮಾಡಿದ ನಮ್ಮ ಬಡಿಗೇರನು ಈ ಹೊಣೆಯನ್ನು ಸದ್ದಿಲ್ಲದೆ ಹೊತ್ತಿದ್ದನಲ್ಲವೆ? ಅಂಗಳದಲ್ಲಿ ನಿಂತು ಜೋಳ ಕಟ್ಟಿಕೊಂಡು ಹೋಗುತ್ತಿದ್ದ ಆತನಿಗೆ ನಾವು ಕೊಟ್ಟ ಮನ್ನಣೆ ಎಷ್ಟು?

ಬಿಡಿಭಾಗಗಳ ಈ ಪದ್ಧತಿ ತೀರ ಹೊಸತಲ್ಲ. 1859ರಲ್ಲಿ ಮೈಕೆಲ್ ಥೋನೆಟ್ ಎಂಬವರ ಕಾರ್ಖಾನೆಯ ಕುರ್ಚಿಯು ಆರು ತುಂಡು ಮರ, ಹತ್ತು ತಿರುಪು, ಎರಡು ನಟ್ಟುಗಳಿಂದ ಕೂಡುವಂತೆ ಹೊರಬಂದಿತು. ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಅಂಥ 36 ಕುರ್ಚಿಗಳು ಅಡಗುತ್ತಿದ್ದವು. ಸ್ವೀಡನ್ನಿನಲ್ಲಿ 1943ರಲ್ಲಿ ಹುಟ್ಟಿದ ಐಕಿಯಾ ಸಂಸ್ಥೆಯು 1956ರ ಸುಮಾರಿಗೆ ಇದೇ ಹಾದಿಯನ್ನು ಹಿಡಿಯಿತು. 2018ರಲ್ಲಿ ಹೈದರಾಬಾದಿನಲ್ಲಿಯೂ 2022ರಲ್ಲಿ ಬೆಂಗಳೂರಿನಲ್ಲಿಯೂ ಮಳಿಗೆ ತೆರೆಯಿತು. ನಮ್ಮ ನೆಲಕ್ಕೂ ಈ ಮರ್ಮ ಹೊರತಲ್ಲ. ಪದರಪದರವಾಗಿ ಸೀಳುವ ಶಹಾಬಾದದ ಕಲ್ಲು ಚಪ್ಪಟೆಯಾಗಿಯೇ ಪಯಣಿಸಿ, ದೂರದೂರದ ಮನೆಗಳಲ್ಲಿ ನೆಲವಾಗಿ ಕೂಡಿಕೊಳ್ಳುತ್ತದೆ. ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ 1874ರಲ್ಲಿ ತೆರೆದ ರೈಲುಹಾದಿಯಲ್ಲಿ ಇಂದು ನಮ್ಮ ಯುವಕರೂ ಹಾಗೆಯೇ ಪಯಣಿಸಿ, ಪರಸ್ಥಳದಲ್ಲಿ ಬಾಳನ್ನು ಜೋಡಿಸಿಕೊಳ್ಳುತ್ತಿದ್ದಾರೆ.

ಆದರೂ ಜೋಡಿಸುವುದೇ ಬಡಿಗತನವಲ್ಲ. ಮರವನ್ನು ಆರಿಸಿ, ಅದರ ನಾರಿನ ಓಟವನ್ನು ಕಂಡು, ಕೆತ್ತಿ ಕೂಡಿಸುವವನ ವಿವೇಕ ಈ ಕೆಲಸಕ್ಕೆ ಬೇಕಿಲ್ಲ. ಅದನ್ನು ಬೇರೆ ಯಾರೋ ಮುಗಿಸಿರುತ್ತಾರೆ. ಪೆಟ್ಟಿಗೆಯ ಸಾಮಾನು ಬಂದಂತೆಲ್ಲ ಊರಿನ ಬಡಿಗೇರನ ಕೈಗೆ ಕೆಲಸ ಕಡಿಮೆಯಾಗುವುದೂ ನಿಜ. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಮನಬಂದಂತೆ ಮರ ಕಡಿಯುವ ಕಾಲ ಮುಗಿಯಿತು, ಅದು ಒಳ್ಳೆಯದೇ. ಆದರೆ ಮರದೊಡನೆ ಮರವನ್ನು ಬಲ್ಲವನ ವಿದ್ಯೆಯೂ ಕಣ್ಮರೆಯಾಗಬೇಕೆ?

ಮೊಮ್ಮಗಳು ಹುಟ್ಟಿ ತಿಂಗಳಾದ ಮೇಲೆ ಲಂಡನ್ನಿಗೆ ಹೋಗಿ, ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಗೆ ನಮಿಸಿದೆವು. ಅದರ ಸ್ಥಾಪನೆಗೆ ಶ್ರಮಿಸಿದ ಡಾ. ನೀರಜ್ ಪಾಟೀಲರು ನಮ್ಮ ಕಲಬುರಗಿ ಸೀಮೆಯವರೆಂಬುದು ಅಭಿಮಾನದ ಸಂಗತಿ. ಅಲ್ಲಿ ನಿಂತಾಗ ನನಗೆ ತೋರಿದುದಿಷ್ಟು: ಅಣ್ಣನ ಮೂರ್ತಿಯನ್ನು ಏಳು ಸಮುದ್ರಗಳಾಚೆ ನಿಲ್ಲಿಸಿದ್ದೇವೆ, ಆತನ ಕಾಯಕವನ್ನು ನಮ್ಮ ತರಗತಿಯೊಳಕ್ಕೆ ಇನ್ನೂ ಪೂರ್ಣವಾಗಿ ಕರೆತಂದಿಲ್ಲ.

ಆದುದರಿಂದ ಪೂಜ್ಯ ಶ್ರೀಗಳವರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ನನ್ನದೊಂದು ವಿಜ್ಞಾಪನೆ. ನಮ್ಮ ಶಾಲೆಯಲ್ಲಿ ಒಂದು ಕೋಣೆ ಉಳಿ-ಬಾಚಿಗಳಿಗೂ ಮೀಸಲಾಗಲಿ. ಊರಿನ ಬಡಿಗೇರರನ್ನು ವಾರಕ್ಕೊಮ್ಮೆ ಗುರುಗಳೆಂದು ಕರೆದು, ಸಂಭಾವನೆಯಿತ್ತು, ಕುರ್ಚಿಯ ಮೇಲೆ ಕುಳ್ಳಿರಿಸೋಣ. ಮಕ್ಕಳು ಹುಡುಗ-ಹುಡುಗಿಯರೆನ್ನದೆ ಮುರಿದ ಬೆಂಚುಗಳನ್ನು ತಾವೇ ಸರಿಮಾಡಲಿ. ಶಾಸ್ತ್ರವನ್ನು ಬಲ್ಲ ಕೈ ಮರವನ್ನೂ ಬಲ್ಲುದಾದರೆ, ನಾವು ನಿತ್ಯವೂ ಹೇಳುವ ಕಾಯಕತತ್ತ್ವಕ್ಕೆ ಈ ಮಠದ ಅಂಗಳದಲ್ಲಿಯೇ ಸಾಕ್ಷಿ ದೊರೆತೀತು.