ಟ್ರಾನ್ಸ್‌ಫಾರ್ಮರ್ ಏಕೆ ಗುಂಯ್‌ಗುಡುತ್ತದೆ?

ಪರೀಕ್ಷೆಯ ದಿನಗಳಲ್ಲಿ ರಾತ್ರಿ ಓದಲು ಕುಳಿತ ಮಕ್ಕಳಿಗೆ, ಬೀದಿಯ ಗದ್ದಲವೆಲ್ಲ ಅಡಗಿದ ಮೇಲೂ ಒಂದು ಸದ್ದು ಕೇಳುತ್ತಲೇ ಇರುತ್ತದೆ. ಅದು ಮೂಲೆಯ ಟ್ರಾನ್ಸ್‌ಫಾರ್ಮರಿನ ಗುಂಯ್‌ಕಾರ. ‘ಕರೆಂಟು ಸೋರುತ್ತಿದೆ’ ಎನ್ನುವವರುಂಟು. ‘ಲೋಡು ಜಾಸ್ತಿಯಾಗಿದೆ’ ಎನ್ನುವವರೂ ಉಂಟು. ಸಾಮಾನ್ಯವಾಗಿ ಎರಡೂ ಕಾರಣವಲ್ಲ. ಊರೆಲ್ಲ ದೀಪ ಆರಿಸಿ ಮಲಗಿದರೂ ಈ ಸದ್ದು ನಿಲ್ಲದು. ಅದು ಮುಖ್ಯವಾಗಿ ಹುಟ್ಟುವುದು ಒಳಗಿನ ಕಬ್ಬಿಣದ ತಿರುಳಿನಲ್ಲಿ.

ಕಬ್ಬಿಣವನ್ನು ಕಾಂತವಾಗಿಸಿದಾಗ ಅದರ ಉದ್ದ ತುಸು ಬದಲಾಗುತ್ತದೆಂದು 1842ರಲ್ಲಿ ಜೇಮ್ಸ್ ಜೌಲ್ ತೋರಿಸಿದ. ಇದಕ್ಕೆ ಮ್ಯಾಗ್ನೆಟೋಸ್ಟ್ರಿಕ್ಷನ್ ಎಂದು ಹೆಸರು. ಒಂದು ಮೀಟರ್ ಉದ್ದದ ಉಕ್ಕಿನ ಹಾಳೆಯಲ್ಲಿ ಈ ಬದಲಾವಣೆ ಕೆಲವೇ ಮೈಕ್ರಾನ್; ತಲೆಗೂದಲಿನ ದಪ್ಪದ ಒಂದು ಸಣ್ಣ ಪಾಲು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಒಂದೊಂದು ಆವರ್ತದಲ್ಲೂ ಕಾಂತತ್ವ ಎರಡು ಬಾರಿ ಏರಿ ಇಳಿಯುವುದರಿಂದ ತಿರುಳು ಸೆಕೆಂಡಿಗೆ 100 ಬಾರಿ ಹಿಗ್ಗಿ ಕುಗ್ಗುತ್ತದೆ. 60 ಆವರ್ತಗಳ ಅಮೆರಿಕದಲ್ಲಿ ಇದು 120 ಬಾರಿ.

ಇಷ್ಟು ಸಣ್ಣ ಕಂಪನ ಅಷ್ಟು ದೂರ ಕೇಳುವುದೇಕೆ? ತಂಬೂರಿಯನ್ನು ನೆನೆಯಿರಿ. ಬರಿಯ ತಂತಿಯ ದನಿ ಕ್ಷೀಣ. ಬುರುಡೆ ಅದನ್ನು ಹಿಗ್ಗಿಸುತ್ತದೆ. ಇಲ್ಲಿ ತಿರುಳೇ ತಂತಿ, ಎಣ್ಣೆ ತುಂಬಿದ ತೊಟ್ಟಿಯೇ ಬುರುಡೆ.

ತಂಬೂರಿ ಮಾಡುವವನು ದನಿ ಹಿಗ್ಗಲೆಂದು ಬಯಸಿದರೆ, ಟ್ರಾನ್ಸ್‌ಫಾರ್ಮರ್ ವಿನ್ಯಾಸಕಾರ ಅದಕ್ಕೆ ವಿರುದ್ಧವಾದುದನ್ನು ಸಾಧಿಸಬೇಕು. ತೊಟ್ಟಿಯ ಸಹಜ ಕಂಪನ 100, 200, 300ರ ಹತ್ತಿರ ಬಾರದಂತೆ ಅವನು ನೋಡಿಕೊಳ್ಳುತ್ತಾನೆ. ತಿರುಳಿನ ಕೆಳಗೆ ರಬ್ಬರಿನಂಥ ಮೆತ್ತೆ ಇಡುತ್ತಾನೆ. ಹರಳುಗಳು ಒಂದೇ ದಿಕ್ಕಿಗೆ ಸಾಲಾಗಿರುವ ಸಿಲಿಕಾನ್ ಉಕ್ಕಿನ 0.23ರಿಂದ 0.3 ಮಿಲಿಮೀಟರಿನಷ್ಟು ತೆಳುವಾದ ಹಾಳೆಗಳನ್ನು ಆರಿಸಿ, ಸಡಿಲವಾಗದಂತೆ ಒಂದೇ ಸಮನೆ ಬಿಗಿಯುತ್ತಾನೆ. ಗಾರೆಯವನು ಇಟ್ಟಿಗೆಯ ಸಂದುಗಳನ್ನು ಒಂದರ ಮೇಲೊಂದು ಬರದಂತೆ ಕಟ್ಟುವ ಹಾಗೆ, ಮೂಲೆಗಳಲ್ಲಿ ಹಾಳೆಗಳ ಕೂಡುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುತ್ತಾನೆ. ಇವೆಲ್ಲಕ್ಕಿಂತ ನೇರವಾದ ಉಪಾಯ ಇನ್ನೊಂದಿದೆ: ಕಾಂತಸಾಂದ್ರತೆಯನ್ನು 1.7 ಟೆಸ್ಲಾದ ಬದಲು 1.5ಕ್ಕೆ ಇಳಿಸುವುದು. ಉಕ್ಕಿನ ಮೇಲಿನ ಒತ್ತಡ ತಗ್ಗಿದಷ್ಟೂ ಅದರ ಹಿಗ್ಗು ಕಡಿಮೆ.

ಆದರೆ ಇದಕ್ಕೆ ಹೆಚ್ಚು ಉಕ್ಕು ಬೇಕು. ಬೆಲೆಯೂ ತೂಕವೂ ಏರುತ್ತವೆ. ಅಗ್ಗದ್ದನ್ನು ಕೊಂಡು ಆಮೇಲೆ ಸುತ್ತ ಗೋಡೆ ಕಟ್ಟಿದರೆ ಪ್ರಯೋಜನ ಅಷ್ಟಕ್ಕಷ್ಟೆ; ಇಂಥ ತಗ್ಗು ಸ್ಥಾಯಿಯ ದನಿ ಗೋಡೆಯನ್ನು ಬಳಸಿಯೂ ಬರುತ್ತದೆ, ಹಾಯ್ದೂ ಬರುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿಯನ್ನು 45 ಡೆಸಿಬೆಲ್ ಎಂದು ಗೊತ್ತುಮಾಡಿವೆ. ಬಡಾವಣೆಗೋ ಅಪಾರ್ಟ್‌ಮೆಂಟಿಗೋ ಟ್ರಾನ್ಸ್‌ಫಾರ್ಮರ್ ಕೊಳ್ಳುವವರು ಕಿಲೋವೋಲ್ಟ್-ಆಂಪಿಯರ್, ಬೆಲೆ ಎರಡನ್ನೇ ನೋಡದೆ, ಸದ್ದು ಎಷ್ಟು ಡೆಸಿಬೆಲ್ ಮೀರಬಾರದೆಂಬುದನ್ನೂ ಆರ್ಡರಿನಲ್ಲೇ ಬರೆಯಬೇಕು. ಉಕ್ಕಿನ ದುಡ್ಡು ಒಮ್ಮೆ ಕೊಟ್ಟರೆ ಮುಗಿಯಿತು. ಟ್ರಾನ್ಸ್‌ಫಾರ್ಮರ್ ಮಾತ್ರ ಹತ್ತಾರು ವರ್ಷ ಅದೇ ಕಿಟಕಿಯ ಪಕ್ಕದಲ್ಲಿರುತ್ತದೆ.

ಮಕ್ಕಳಿಗೊಂದು ಎಚ್ಚರಿಕೆ: ಆ ದನಿಯನ್ನು ಬೇಲಿಯ ಹೊರಗೆ, ದೂರದಿಂದಲೇ ಆಲಿಸಿ. ಗುಂಯ್‌ಕಾರದ ನಡುವೆ ಚಟಪಟ ಸದ್ದು ಹೊಸದಾಗಿ ಸೇರಿದರೆ ಹತ್ತಿರ ಹೋಗದೆ ಹಿರಿಯರಿಗೆ ಹೇಳಿ. ಅವರು ವಿದ್ಯುತ್ ಕಚೇರಿಗೆ ತಿಳಿಸಲಿ.