ಶಿಫ್ಟ್ ಮುಗಿದ ಮೇಲಿನ ದುಡಿಮೆ

ತೊಂಬತ್ತರ ದಶಕದ ಪೀಣ್ಯದಲ್ಲಿ ಒಂದೇ ಸಂಬಳವನ್ನು ನಂಬಿ ಕೂತವರು ಕಡಿಮೆ. ಫಸ್ಟ್ ಶಿಫ್ಟ್ ಮುಗಿಸಿ ಮಧ್ಯಾಹ್ನ ಗೇಟು ದಾಟಿದವರು ಮನೆಗೆ ಹೋಗಿ ಉಂಡು, ಸ್ವಲ್ಪ ಅಡ್ಡಾಗಿ, ಮತ್ತೊಂದು ಕೆಲಸಕ್ಕೆ ಎದ್ದು ಹೊರಡುತ್ತಿದ್ದರು. ನಮ್ಮ ಕಾರ್ಖಾನೆಯ ಲೇತ್ ಆಪರೇಟರ್ ಸಂಜೆ ಹೊಸ ಬಡಾವಣೆಗಳಲ್ಲಿ ವೈರಿಂಗ್ ಮಾಡುತ್ತಿದ್ದ. ಸ್ಟೋರ್ಸ್‌ನವರು ಎಲ್‌ಐಸಿ ಪಾಲಿಸಿ ಮಾಡಿಸುತ್ತಿದ್ದರು. ಹೆಂಗಸರು ಮನೆಯಲ್ಲೇ ಸಾವಿರಕ್ಕೆ ಇಷ್ಟು ಎಂಬ ಕೂಲಿಗೆ ಊದುಬತ್ತಿ ಹೊಸೆಯುತ್ತಿದ್ದರು, ಸೀರೆಗೆ ಫಾಲ್ ಹಚ್ಚುತ್ತಿದ್ದರು. ನಾನು ಆಟೋ ಓಡಿಸುತ್ತಿದ್ದೆ.

ಗಾಡಿ ನನ್ನದಲ್ಲ, ಮತ್ತಿಕೆರೆಯ ಮಾಲೀಕರೊಬ್ಬರದು. ಬೆಳಿಗ್ಗೆ ಒಬ್ಬ ಓಡಿಸಿ ತಂದು ನಿಲ್ಲಿಸಿದ್ದನ್ನು ಸಂಜೆಗೆ ನಾನು ತೆಗೆದುಕೊಳ್ಳುತ್ತಿದ್ದೆ. ಅರ್ಧ ದಿನದ ಬಾಡಿಗೆ, ಪೆಟ್ರೋಲ್ ಕಳೆದು ಉಳಿದದ್ದು ಜೇಬಿಗೆ. ಯಶವಂತಪುರ ರೈಲು ನಿಲ್ದಾಣ, ಗೋಕುಲದ ಆಸ್ಪತ್ರೆ, ಜಾಲಹಳ್ಳಿ ಕ್ರಾಸ್, ಇಷ್ಟೇ ನನ್ನ ಸುತ್ತು. ರಾತ್ರಿ ಹತ್ತು ದಾಟಿದರೆ ಒಂದೂವರೆ ಬಾಡಿಗೆ ಸಿಗುತ್ತಿತ್ತು. ಆದರೆ ಬೆಳಿಗ್ಗೆ ಆರಕ್ಕೆ ಕಾರ್ಡ್ ಪಂಚ್ ಮಾಡಬೇಕಾದವನು ಆ ಆಸೆಗೆ ಬೀಳುತ್ತಿರಲಿಲ್ಲ.

ಸ್ಟ್ಯಾಂಡಿಗೆ ಅದರದೇ ಕಟ್ಟುಪಾಡು ಇತ್ತು. ಮೊದಲು ಬಂದ ಗಾಡಿ ಮೊದಲು ಹೊರಡಬೇಕು. ಸಾಲು ಮುರಿದವನಿಗೆ ಮರುದಿನ ಜಾಗವಿಲ್ಲ. ಯಾರಿಗಾದರೂ ಅಪಘಾತವಾದರೆ ಕೈಯಿಂದ ಕೈಗೆ ಡಬ್ಬಿ ತಿರುಗುತ್ತಿತ್ತು. ನವೆಂಬರ್ ಬಂದರೆ ಭುವನೇಶ್ವರಿಯ ಪಟದ ಪಕ್ಕದಲ್ಲಿ ಶಂಕರ್‌ನಾಗ್ ಪಟ. 1980ರ ‘ಆಟೋ ರಾಜ’ ಬಂದಮೇಲೆ ಬೆಂಗಳೂರಿನ ಆಟೋದವರಿಗೆ ಆತ ಮನೆಮಗನೇ ಆಗಿಬಿಟ್ಟಿದ್ದ.

ಆ ಕಾಲ ಎಲ್ಲರ ಪಾಲಿಗೂ ಒಳ್ಳೆಯದಾಗಿತ್ತು ಎಂದರೆ ಸುಳ್ಳಾಗುತ್ತದೆ. ಗುರುತಿನವರು ಹೇಳದೆ ಯಾವ ಸ್ಟ್ಯಾಂಡೂ ಹೊಸಬನನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ‘ಯಾವೂರು, ಯಾರ ಪೈಕಿ’ ಎಂಬ ಪ್ರಶ್ನೆಗೆ ಸರಿಯಾದ ಉತ್ತರವಿಲ್ಲದವನು ಬಾಡಿಗೆ ಗಾಡಿಗೂ ಅಲೆಯಬೇಕಿತ್ತು. ವೈರಿಂಗ್ ಕೆಲಸ, ಪಾಲಿಸಿ, ಹೊಲಿಗೆ, ಎಲ್ಲವೂ ಪರಿಚಯದವರ ನಡುವೆಯೇ ಹರಿಯುತ್ತಿದ್ದವು. ಪರಿಚಯವೇ ಇಲ್ಲದೆ ಊರಿಗೆ ಬಂದವನ ಪಾಲಿಗೆ ಉಳಿಯುತ್ತಿದ್ದದ್ದು ಗಾರೆಕೆಲಸ.

ಆದರೆ ನಮ್ಮಂಥವರ ಹಿಂದೆ ಒಂದು ಬಲವಿತ್ತು. ಸಂಜೆ ಬೋಣಿಯೇ ಆಗದಿದ್ದರೂ ತಿಂಗಳು ತುಂಬಿದಾಗ ಸಂಬಳ ಬರುತ್ತಿತ್ತು. ಜ್ವರ ಬಂದರೆ ಇಎಸ್‌ಐ ಕಾರ್ಡ್ ಹಿಡಿದು ಆಸ್ಪತ್ರೆಗೆ ಹೋಗಬಹುದಿತ್ತು. ಪಿಎಫ್ ಚೀಟಿಯಲ್ಲಿ ವರ್ಷವರ್ಷವೂ ಅಂಕಿ ಬೆಳೆಯುತ್ತಿತ್ತು. ಬೆನ್ನು ಹಿಡಿದುಕೊಂಡ ವಾರ ನಾನು ಗಾಡಿ ಮುಟ್ಟುತ್ತಿರಲಿಲ್ಲ, ಅದರಿಂದ ಮನೆಯಲ್ಲಿ ಒಲೆ ಆರುತ್ತಲೂ ಇರಲಿಲ್ಲ. ಸಂಜೆಯ ದುಡ್ಡು ಮಗಳ ಕಾಲೇಜು ಫೀಸಿಗೆ, ಸೈಟಿನ ಕಂತಿಗೆ ಹೋಗುತ್ತಿತ್ತು. ಅಕ್ಕಿಬೇಳೆಯ ಲೆಕ್ಕ ಅದರಲ್ಲಿ ಇರಲಿಲ್ಲ.

ಆ ಬಲ ಕಣ್ಣೆದುರೇ ಸಡಿಲವಾಯಿತು. ಕಾಯಂ ಕೆಲಸಗಾರರು ನಿವೃತ್ತರಾದ ಜಾಗಕ್ಕೆ ಕಂಟ್ರಾಕ್ಟ್ ಹುಡುಗರು ಬಂದರು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನವಾದಾಗ ಜಾಲಹಳ್ಳಿಯ ಹಳಬರು ಮನೆಯವರನ್ನೇ ಕಳೆದುಕೊಂಡಂತೆ ಕೂತಿದ್ದರು. ಅಷ್ಟರಲ್ಲಿ ಊರಿಗೆ ಆಪ್‌ಗಳು ಬಂದಾಗಿತ್ತು. 2013ರಲ್ಲಿ ಊಬರ್ ಭಾರತಕ್ಕೆ ಕಾಲಿಟ್ಟದ್ದು ಬೆಂಗಳೂರಿನಿಂದಲೇ. 2014ರಲ್ಲಿ ಕೋರಮಂಗಲದಲ್ಲಿ ಸ್ವಿಗ್ಗಿ, 2015ರಲ್ಲಿ ರ‍್ಯಾಪಿಡೊ ಇಲ್ಲೇ ಹುಟ್ಟಿದವು. ಮೊದಲ ದಿನಗಳ ಇನ್ಸೆಂಟಿವ್ ನೋಡಿ ಎಷ್ಟೋ ಹುಡುಗರು ಇದ್ದ ಕೆಲಸ ಬಿಟ್ಟರು, ಸಾಲ ಮಾಡಿ ಕಾರು ಕೊಂಡರು. ಇನ್ಸೆಂಟಿವ್ ಇಳಿಯಿತು, ಕಂತು ಇಳಿಯಲಿಲ್ಲ. 2017ರ ಫೆಬ್ರುವರಿಯಲ್ಲಿ ಓಲಾ, ಊಬರ್ ಚಾಲಕರು ಇದೇ ಊರಿನಲ್ಲಿ ಮುಷ್ಕರಕ್ಕೆ ಇಳಿದರು.

ನಮ್ಮ ಮಹಡಿಯ ಮೇಲಿನ ಕೋಣೆಗೆ ರಾಯಚೂರು ಕಡೆಯ ಹುಡುಗನೊಬ್ಬ ಬಾಡಿಗೆಗೆ ಬಂದ. ಹಗಲು ಪೀಣ್ಯದ ಶೆಡ್ಡೊಂದರಲ್ಲಿ ಕಂಟ್ರಾಕ್ಟ್ ಕೆಲಸ, ರಾತ್ರಿ ಊಟದ ಹೊತ್ತಿಗೆ ಆಪ್‌ನಲ್ಲಿ ಡೆಲಿವರಿ. ಬೈಕು, ಫೋನು, ಲೈಸೆನ್ಸ್ ಇದ್ದರೆ ಸಾಕಿತ್ತು, ಕೆಲವೇ ದಿನಗಳಲ್ಲಿ ಐಡಿ ಸಿಕ್ಕಿತು. ಯಾವೂರು, ಯಾರ ಪೈಕಿ ಎಂದು ಯಾರೂ ಕೇಳಲಿಲ್ಲ. ನಮ್ಮ ಸ್ಟ್ಯಾಂಡು ಕೊಡದೇ ಇದ್ದ ಜಾಗವನ್ನು ಆಪ್ ಕೊಟ್ಟಿತ್ತು. ಇದನ್ನು ನಾನು ಸಣ್ಣ ಮಾತೆಂದುಕೊಂಡಿಲ್ಲ.

2020ರ ಲಾಕ್‌ಡೌನ್‌ನಲ್ಲಿ ಶೆಡ್ಡು ಬಾಗಿಲು ಹಾಕಿತು. ರಾತ್ರಿಯ ಕೆಲಸವೇ ಹಗಲಿನದೂ ಆಯಿತು. ಬೆಳಿಗ್ಗೆ ಲಾಗಿನ್ ಆದರೆ ನಡುರಾತ್ರಿ ಲಾಗೌಟ್. ಹೋಟೆಲ್ ಬಾಗಿಲಲ್ಲಿ ಪೊಟ್ಟಣಕ್ಕೆ ಕಾದ ಹೊತ್ತಿಗೆ ಕೂಲಿಯಿಲ್ಲ. ಪೀಕ್ ಅವರ್‌ನಲ್ಲಿ ಲಾಗೌಟ್ ಆದರೆ, ಇಲ್ಲವೇ ಟಾರ್ಗೆಟ್‌ಗೆ ಒಂದೇ ಆರ್ಡರ್ ಕಮ್ಮಿಯಾದರೂ ಆ ದಿನದ ಇನ್ಸೆಂಟಿವ್ ಇಲ್ಲ. ಪೆಟ್ರೋಲು, ಬೈಕಿನ ಇಎಂಐ, ಫೋನಿನ ರೀಚಾರ್ಜ್, ಪಂಚರ್, ಎಲ್ಲ ಅವನದೇ. ಮಳೆಯಲ್ಲಿ ಜಾರಿ ಮಣಿಕಟ್ಟು ಮುರಿದ ತಿಂಗಳು ಸಂಪಾದನೆ ಸೊನ್ನೆ. ವಾಸಿಯಾಗಿ ಮರಳಿದ ಮೇಲೆ ಗಿರಾಕಿಯೊಬ್ಬರ ದೂರಿಗೆ ಐಡಿ ಬ್ಲಾಕ್ ಆಯಿತು. ತನ್ನ ಮಾತು ಹೇಳಿಕೊಳ್ಳಲು ಅವನಿಗೆ ಆಫೀಸೂ ಇಲ್ಲ, ಮೇಸ್ತ್ರಿಯೂ ಇಲ್ಲ. ಫೋನಿನ ಚಾಟ್‌ನಲ್ಲಿ ಅದೇ ಉತ್ತರ ಮತ್ತೆ ಮತ್ತೆ ಬರುತ್ತಿತ್ತು.

ಆಟೋ ಮೀಟರಿನ ದರ ಸರ್ಕಾರ ಪ್ರಕಟಿಸುವಂಥದ್ದು. 2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಓಡಿಸುವವನಿಗೂ ಗೊತ್ತು, ಹಿಂದೆ ಕೂತವರಿಗೂ ಗೊತ್ತು. ಮಹಡಿಯ ಹುಡುಗನ ಆರ್ಡರಿಗೆ ಅಂಥ ಪಟ್ಟಿ ಎಲ್ಲೂ ಇಲ್ಲ. ಇವತ್ತಿನ ದರ ನಾಳೆಗಿಲ್ಲ, ಯಾಕೆ ಇಳಿಯಿತು ಎಂದು ಹೇಳುವವರೂ ಇಲ್ಲ.

ಹಾಗೆಂದು ತಪ್ಪು ಆಪ್‌ನದೇ ಅಲ್ಲ. 2022ರಲ್ಲಿ ಆಟೋ ಚಾಲಕರ ಸಂಘದ ಜೊತೆಗೂಡಿ ಬಂದ ‘ನಮ್ಮ ಯಾತ್ರಿ’ ಬಾಡಿಗೆಯಲ್ಲಿ ಕಮಿಷನ್ ಕತ್ತರಿಸದೆ ನಡೆದು ತೋರಿಸಿತು. ಪ್ರಯಾಣಿಕರು ಕೊಟ್ಟದ್ದು ನೇರ ಚಾಲಕನ ಕೈಗೇ ಬರುತ್ತದೆ. ಅದೇ ಫೋನು, ಅದೇ ನಕ್ಷೆ. ಲೆಕ್ಕ ಹಾಕುವ ರೀತಿ ಬೇರೆ, ಅಷ್ಟೆ.

ನೀತಿ ಆಯೋಗದ 2022ರ ವರದಿಯ ಪ್ರಕಾರ 2020–21ರಲ್ಲಿ ದೇಶದಲ್ಲಿ ಈ ಹುಡುಗನಂಥ 77 ಲಕ್ಷ ಗಿಗ್ ಕಾರ್ಮಿಕರಿದ್ದರು. 2029–30ರ ಹೊತ್ತಿಗೆ ಅದು 2.35 ಕೋಟಿ ಆಗಬಹುದೆಂಬ ಅಂದಾಜು. ಇಷ್ಟು ಜನರ ದುಡಿಮೆಯನ್ನು ಬಿಡುವಿನ ವೇಳೆಯ ಸಂಪಾದನೆ ಎಂದು ಬದಿಗಿಡಲು ಸಾಧ್ಯವಿಲ್ಲ. ರಾಜಸ್ಥಾನ 2023ರಲ್ಲಿ ಇವರಿಗಾಗಿ ಮೊದಲ ಕಾನೂನು ತಂದಿತು. ಕರ್ನಾಟಕ 2025ರಲ್ಲಿ ತಂದಿತು. ಪ್ರತಿ ಆರ್ಡರಿಗೆ ಕಾರ್ಮಿಕನಿಗೆ ಸಲ್ಲುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಕೆಲಸದಿಂದ ತೆಗೆಯುವ ಮುನ್ನ ಕಾರಣ ಬರೆದು ತಿಳಿಸಿ 14 ದಿನದ ನೋಟಿಸ್ ಕೊಡಬೇಕು. ನಮ್ಮ ಸ್ಟ್ಯಾಂಡಿನಲ್ಲಿ ತಿರುಗುತ್ತಿದ್ದ ಡಬ್ಬಿ ನಮ್ಮ ನಮ್ಮ ನಡುವಿನ ಋಣವಾಗಿತ್ತು, ಈಗ ಅದಕ್ಕೆ ಕಾನೂನಿನ ಬಲ ಬಂದಿದೆ.

ಕಾನೂನು ಬಂದ ಸುದ್ದಿಯನ್ನು ಆ ಹುಡುಗನಿಗೆ ನಾನೇ ಓದಿ ಹೇಳಿದೆ. ಅವನು ಮೊದಲು ಕೇಳಿದ್ದು ದುಡ್ಡಿನ ವಿಷಯವನ್ನಲ್ಲ, ‘ಕಾರಣ ಬರೆದು ಕೊಡಲೇಬೇಕಾ ಅಂಕಲ್?’ ಎಂದು. ಕೊಡಲೇಬೇಕು. ಅದನ್ನು ಕೊಡಿಸುವುದು ಇನ್ನು ಆಗಬೇಕಾದ ಕೆಲಸ. ನನಗೆ ಇಎಸ್‌ಐ ಕಾರ್ಡ್ ಯಾರೂ ದಾನ ಕೊಟ್ಟದ್ದಲ್ಲ. ನನಗಿಂತ ಹಿಂದಿನವರು ಹೋರಾಡಿ ಕಾನೂನು ಮಾಡಿಸಿ, ಅದನ್ನು ಗೇಟುಗೇಟಿನಲ್ಲಿ ಜಾರಿಗೆ ತರಿಸಿದ್ದರಿಂದ ಅದು ನನ್ನ ಕೈಗೆ ಬಂತು. ಈ ಹುಡುಗರ ಕಾನೂನಿಗೂ ಅಷ್ಟೇ ಬಲವಾಗಿ ಬೆನ್ನುಹತ್ತುವವರು ಬೇಕು, ಅವರಲ್ಲಿ ನಮ್ಮಂಥ ನಿವೃತ್ತರೂ ಇರಬೇಕು.